ಎಷ್ಟನೇ ನಿಮಿಷದಲ್ಲಿ?

ಮೊದಲ ಭಾನುವಾರ ನಾವು ಐದು ಜನ ಸೇರಿದ್ದೆವು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಮನೆ, ನಾಲ್ಕನೇ ಮಹಡಿ. ಚಹಾ ಆಯಿತು, ಗಿರ್ಮಿಟ್ ಆಯಿತು, ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಒಂದು ಆಲ್ಬಂ ಪೂರ್ತಿ ಕೇಳಿದ್ದೂ ಆಯಿತು. ಆಮೇಲೆ 'ಹೇಗನ್ನಿಸ್ತು?' ಅಂತ ಕೇಳಿದೆ. 'ಮಸ್ತ್' ಅಂದ ಒಬ್ಬ. 'ಇವರ ಹಳೇದೇ ಚೆನ್ನಾಗಿತ್ತು' ಅಂದ ಇನ್ನೊಬ್ಬ. 'ನಡುವೆ ಸ್ವಲ್ಪ ಬೋರ್' ಅಂದ ಮತ್ತೊಬ್ಬ. ಐದೇ ನಿಮಿಷಕ್ಕೆ ಮಾತು ಮುಗಿಯಿತು. ಉಳಿದ ಹೊತ್ತೆಲ್ಲ ಆ ದಿನದ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ಟ್ರೇನು ನಿಲ್ಲಿಸುವುದು) ಬಗ್ಗೆ, ಯಾವ ಟ್ರೇನು ಎಷ್ಟು ತಡ ಎನ್ನುವುದರ ಬಗ್ಗೆ ಮಾತಾಡಿದೆವು.

ರಾತ್ರಿ ಲೋಟ ತೊಳೆಯುವಾಗ ನನಗೆ ತುಂಬಾ ಬೇಜಾರಾಗಿತ್ತು. ಇಪ್ಪತ್ತು ವರ್ಷ ಪ್ರೀತಿಯಿಂದ ಕೇಳಿದ ಸಂಗೀತ ಇದು. ಇದರ ಬಗ್ಗೆ ನಮ್ಮ ಹತ್ತಿರ ಇಷ್ಟೇ ಮಾತಾ?

ನಾವು ಗೆಳೆಯರಾದದ್ದೇ ಈ ಸಂಗೀತದಿಂದ. 2008ರ ಫೆಬ್ರವರಿ 1ರಂದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಹಾಡಿದರು. ಅವರ ಆ ಸಲದ ವಿಶ್ವ ಪ್ರವಾಸ ಶುರುವಾದದ್ದೇ ನಮ್ಮ ಮುಂಬಯಿಯಿಂದ. ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ 'ಹ್ವಾಯ್, ನೀರ್ ಇತ್ತಾ?' ಎಂದರು. ಅಷ್ಟು ಕಪ್ಪು ಅಂಗಿಗಳ ನಡುವೆ ಕುಂದಾಪ್ರ ಕನ್ನಡ! ತಿರುಗಿ ನೋಡಿದೆ. ಆ ಮನುಷ್ಯ ಇವತ್ತಿಗೂ ಪ್ರತಿ ಎರಡನೇ ಭಾನುವಾರ ನನ್ನ ಮನೆಗೆ ಬರುತ್ತಾರೆ. ಆಮೇಲೆ ಧಾರವಾಡದ ಗೆಳೆಯ ಸೇರಿಕೊಂಡ. ಅವನ ಮನೆಯಲ್ಲಿ ಖಯಾಲ್ ಬಿಟ್ಟರೆ ಬೇರೆ ಹಾಡೇ ಇರಲಿಲ್ಲ. ನಂತರ ಮೈಸೂರಿನ ಗೆಳತಿ. ಕೊನೆಗೆ ಬೆಂಗಳೂರಿನ ಹುಡುಗ. ಅವನು ಕ್ರಿಪ್ಟಾಸ್‌ನ ಕಟ್ಟಾ ಅಭಿಮಾನಿ. ತನ್ನೂರಿನಲ್ಲಿ 1998ರಲ್ಲಿ ಹುಟ್ಟಿದ ಬ್ಯಾಂಡು 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದವರೆಗೆ ಹೋಯಿತು ಎಂದು ಹೇಳುವಾಗ ಅವನ ಮುಖ ನೋಡಬೇಕು.

ನಮ್ಮನ್ನು ದಾರಿಗೆ ತಂದದ್ದು ಮೈಸೂರಿನ ಗೆಳತಿ. ಎರಡನೇ ಸಲ ಸೇರಿದಾಗ ಯಾರೋ 'ಡ್ರಮ್ಸ್ ಸೂಪರ್' ಅಂದರು. ಆಕೆ ತಣ್ಣಗೆ ಕೇಳಿದರು, 'ಎಷ್ಟನೇ ನಿಮಿಷದಲ್ಲಿ?' ಎಲ್ಲರೂ ಸುಮ್ಮನಾದೆವು. ಆಲ್ಬಂ ಮತ್ತೆ ಹಾಕಿದೆವು. ಹುಡುಕಿದೆವು. ಆ ಜಾಗ ಸಿಕ್ಕಿತು. ಆಗ ನಿಜವಾದ ಮಾತು ಶುರುವಾಯಿತು.

ಅವತ್ತಿನಿಂದ ಇದೇ ನಮ್ಮ ನಿಯಮ. ಹೊಗಳುವುದಾದರೂ ತೆಗಳುವುದಾದರೂ ನಿಮಿಷ ಹೇಳಬೇಕು. ಹದಿನೈದು ದಿನಕ್ಕೆ ಒಂದೇ ಆಲ್ಬಂ. ಆರಿಸುವ ಸರದಿ ಒಬ್ಬೊಬ್ಬರದು. ಬರುವ ಮುಂಚೆ ಮೂರು ಸಲ ಕೇಳಿರಬೇಕು. ಒಂದು ಸಲ ಹೇಗೋ ಹಾಗೆ, ಒಂದು ಸಲ ರಾತ್ರಿ ಹೆಡ್‌ಫೋನಿನಲ್ಲಿ, ಒಂದು ಸಲ ಸಾಹಿತ್ಯ ಮುಂದಿಟ್ಟುಕೊಂಡು. 'ಥ್ರಾಶ್', 'ಡೂಮ್' ಎಂಬ, ಮೆಟಲ್‌ನ ಬಗೆಗಳ ಹಣೆಪಟ್ಟಿಗಳನ್ನು ಮೊದಲ ಅರ್ಧ ಗಂಟೆ ಯಾರೂ ಬಳಸುವ ಹಾಗಿಲ್ಲ. ಇದು ನಾನು ಹಟ ಹಿಡಿದು ತಂದದ್ದು. ಹಣೆಪಟ್ಟಿ ಅಂಟಿಸಿದ ಮೇಲೆ ಕಿವಿ ಸೋಮಾರಿಯಾಗುತ್ತದೆ ಅಂತ ನಾನು ನಂಬಿದ್ದೇನೆ.

ಲೋಕಲ್ ಟ್ರೇನಿನಲ್ಲಿ ಕೇಳಿ ತೀರ್ಪು ಕೊಡಬಾರದು ಎನ್ನುವುದು ತಪ್ಪು ಮಾಡಿ ಕಲಿತ ಪಾಠ. ಬೆಳಗಿನ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತರೆ ಚಕ್ರದ ಸದ್ದು ತಗ್ಗು ಸ್ವರಗಳನ್ನೆಲ್ಲ ನುಂಗಿಬಿಡುತ್ತದೆ. ಮೆಟಾಲಿಕಾದ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಂನಲ್ಲಿ ಬೇಸ್ ಗಿಟಾರ್ ಕೇಳುವುದೇ ಇಲ್ಲ ಎಂದು ನನಗೆ ಅನ್ನಿಸಿತ್ತು. ಟ್ರೇನಿನ ಗದ್ದಲ ಎಂದುಕೊಂಡೆ. ಇಯರ್‌ಫೋನ್ ಬದಲಿಸಿದೆ. ರಾತ್ರಿ ಬಾಗಿಲು ಹಾಕಿಕೊಂಡು ಕೇಳಿದೆ. ಆಗಲೂ ಇಲ್ಲ. ನಿಜವೇನೆಂದರೆ ಮಿಕ್ಸಿಂಗ್ ಮಾಡುವಾಗಲೇ, ಅಂದರೆ ಎಲ್ಲ ವಾದ್ಯಗಳ ಸದ್ದನ್ನು ಸೇರಿಸಿ ಹೊಂದಿಸುವಾಗಲೇ, ಅದನ್ನು ಅಷ್ಟು ತಗ್ಗಿಸಿದ್ದರು. ಹಳೆಯ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ ಮೇಲಿನ ಮೊದಲ ಪೂರ್ತಿ ಆಲ್ಬಂ ಇದು. ಇದು ಗೊತ್ತಾದ ಮೇಲೆ ಆ ಒಣ ಸದ್ದು ನನಗೆ ಬೇರೆ ಥರ ಕೇಳತೊಡಗಿತು. ಮನೆಯಲ್ಲಿ ಒಬ್ಬರು ಇಲ್ಲದಾಗ ಇರುತ್ತದಲ್ಲ, ಆ ಖಾಲಿ. 'ಅದು ನಿನ್ನ ಕಲ್ಪನೆ, ಇದು ಕೆಟ್ಟ ಮಿಕ್ಸಿಂಗ್ ಅಷ್ಟೇ' ಎಂದು ಬೆಂಗಳೂರಿನ ಹುಡುಗ ವಾದಿಸಿದ. ಇವತ್ತಿಗೂ ವಾದಿಸುತ್ತಾನೆ.

ಅದೇ ಆಲ್ಬಂನ 'ವನ್' ಹಾಡಿನಲ್ಲಿ, ನಾಲ್ಕೂವರೆ ನಿಮಿಷದ ಆಸುಪಾಸಿನಲ್ಲಿ, ಎರಡೂ ಕಾಲಿನಿಂದ ಬಾರಿಸುವ ಡಬಲ್ ಬೇಸ್ ಡ್ರಮ್ ಗಿಟಾರಿನ ಜೊತೆ ಒಂದೇ ಏಟಿಗೆ ಬೀಳುತ್ತದೆ. ಗುಂಡಿನ ಮಳೆಯ ಹಾಗೆ. ಕುಂದಾಪುರದವರು ಇದನ್ನು ಕೇಳಿ ತೊಡೆ ತಟ್ಟಿಕೊಂಡರು. 'ಚೆಂಡೆ ಹೀಗೇ ಅಲ್ವಾ? ವೇಗ ಎಲ್ಲರಿಗೂ ಬರುತ್ತೆ. ಭಾಗವತರ ಮಾತು ಮುಗಿಯುವ ಜಾಗ ಕಾದು ಬೀಳ್ಬೇಕು' ಎಂದರು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಒಂದು ಆಟವನ್ನೂ ತಪ್ಪಿಸದ ಮನುಷ್ಯ ಅವರು. ಅವರ ಮಾತು ಕೇಳಿದ ಮೇಲೆ ನಾನು ಡ್ರಮ್ಸ್ ಕೇಳುವ ರೀತಿಯೇ ಬದಲಾಯಿತು. ಎಷ್ಟು ವೇಗ ಎಂದು ನೋಡುವುದು ಬಿಟ್ಟೆ. ಬಾರಿಸುವವನು ಎಲ್ಲಿ ಕಾಯುತ್ತಾನೆ ಎಂದು ನೋಡತೊಡಗಿದೆ.

ಎಲ್ಲಕ್ಕಿಂತ ಜಾಸ್ತಿ ಮಾತು ನಡೆದದ್ದು ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಂ ಮೇಲೆ. 1970ರ ಫೆಬ್ರವರಿ 13ಕ್ಕೆ ಬಂದದ್ದು. ಧಾರವಾಡದವನು ಇದನ್ನು ಮೊದಲು ಕೇಳಿರಲಿಲ್ಲ. ಮೊದಲ ಹಾಡು ಶುರುವಾಗುತ್ತದೆ: ಮಳೆ ಸುರಿಯುತ್ತದೆ, ದೂರದಲ್ಲಿ ಗಂಟೆ ಹೊಡೆಯುತ್ತದೆ, ಮುಕ್ಕಾಲು ನಿಮಿಷವೂ ಆಗಿರುವುದಿಲ್ಲ, ಗಿಟಾರ್ ಅಪ್ಪಳಿಸುತ್ತದೆ. ಮೂರೇ ಸ್ವರ. ಅವನು ಕೈ ಎತ್ತಿ ನಿಲ್ಲಿಸಲು ಹೇಳಿದ. ಮೆಲ್ಲಗೆ ಹಾಡಿ ತೋರಿಸಿದ: ಸ, ಮೇಲಿನ ಸ, ಆಮೇಲೆ ತೀವ್ರ ಮಧ್ಯಮ. 'ಯಮನ್ ರಾಗದಾಗೂ ಇದೇ ಮಧ್ಯಮ ಐತಿ. ಅಲ್ಲಿ ಅದು ಪಂಚಮಕ್ಕೆ ದಾರಿ ಮಾಡತೈತಿ. ಇಲ್ಲಿ ಎಲ್ಲಿಗೂ ಹೋಗಂಗಿಲ್ಲ, ನಡುಗಿಕೋತ ನಿಂತಬಿಡ್ತೈತಿ ನೋಡು.' ಇಷ್ಟು ವರ್ಷ ನಾನು ಆ ಹಾಡಿಗೆ ಹೆದರುತ್ತಿದ್ದೆ. ಯಾಕೆ ಹೆದರಿಕೆ ಎಂದು ಅವತ್ತು ತಿಳಿಯಿತು.

ಅದೇ ಸಂಜೆ ಪವರ್ ಕಾರ್ಡ್ ಬಗ್ಗೆಯೂ ಮಾತು ಬಂತು. ಮೆಟಲ್ ಗಿಟಾರಿನ ಆ ಗಟ್ಟಿ ಸದ್ದಿನಲ್ಲಿ ಇರುವುದು ಸ ಮತ್ತು ಪ, ಎರಡೇ. ಗಾಂಧಾರ ಸೇರಿಸುವುದಿಲ್ಲ. ಡಿಸ್ಟಾರ್ಷನ್ ಹಾಕಿದಾಗ, ಅಂದರೆ ಗಿಟಾರಿನ ಸದ್ದನ್ನು ಬೇಕೆಂದೇ ಒರಟು ಮಾಡಿದಾಗ, ಎರಡು ಸ್ವರ ಡಿಕ್ಕಿಯಾಗಿ ಹೊಸ ಸ್ವರಗಳು ಹುಟ್ಟುತ್ತವೆ. ಸ ಪ ಆದರೆ ಆ ಹೊಸ ಸ್ವರಗಳು ಅವೆರಡಕ್ಕೇ ಹೊಂದಿಕೊಂಡು ಕೂರುತ್ತವೆ. ಗಾಂಧಾರ ಬಂದರೆ ಎಲ್ಲ ಕಲಸಿ ರಾಡಿಯಾಗುತ್ತದೆ. ಧಾರವಾಡದವನು ಎದ್ದು ನಿಂತುಬಿಟ್ಟ. 'ತಂಬೂರಿ! ಪ ಸ ಸ ಸ!' ಎಂದ. ಹೌದಲ್ವಾ? ನಮ್ಮ ತಂಬೂರಿಯೂ ಆಧಾರ ಕೊಡುವುದು ಇವೇ ಸ್ವರಗಳಿಂದ.

ಮನೆಯಲ್ಲಿ ಕೇಳುವ ವ್ಯವಸ್ಥೆ ಸರಿಹೋಗಲು ತಿಂಗಳುಗಳೇ ಬೇಕಾದವು. ಮೊದಲು ಸ್ಪೀಕರ್‌ಗಳನ್ನು ಗೋಡೆಯ ಮೂಲೆಗೆ ಇಟ್ಟಿದ್ದೆ, ನೆಲದ ಮೇಲೆ. ಮೂರನೇ ವಾರ ಕೆಳಗಿನ ಮನೆಯವರು ಬಂದರು. ಅವರ ಮಗಳಿಗೆ ಮರುದಿನ ಪರೀಕ್ಷೆ. ನನಗೆ ತುಂಬಾ ಕೆಟ್ಟದೆನಿಸಿತು. ಅಮ್ಮ ಕೊಟ್ಟ ಎರಡು ಕೌದಿಗಳನ್ನು ಗೋಡೆಗೆ ತೂಗುಹಾಕಿದೆ. ಸಿಂಬಲ್‌ನ ಚುರುಕು ಕಡಿಮೆಯಾಯಿತು, ಒಳಗೆ ಕೇಳಲು ಹಿತವಾಯಿತು. ಆದರೆ ಕೆಳಗೆ ಹೋಗುವ ಗುಂಯ್ ಅನ್ನುವ ಸದ್ದು ಅಷ್ಟೇ ಇತ್ತು. ಬಟ್ಟೆ ತಡೆಯುವುದು ಮೇಲಿನ ಸ್ವರಗಳನ್ನು. ಬೇಸ್ ನೆಲದಿಂದಲೇ ಇಳಿಯುತ್ತದೆ. ಸ್ಪೀಕರ್‌ಗಳನ್ನು ಮೂಲೆಯಿಂದ ಎರಡು ಅಡಿ ಈಚೆ ತಂದೆ. ಅಡಿಗೆ ದಪ್ಪ ಫೋಮ್ ಇಟ್ಟೆ. ವಾಲ್ಯೂಮ್ ಇಳಿಸಿದೆ. ಮೂಲೆ ಬಿಟ್ಟ ಮೇಲೆ ಬೇಸ್ ಕಡಿಮೆಯಾದದ್ದು ನಿಜ, ಆದರೆ ಸ್ಪಷ್ಟವಾಯಿತು. ಈಗ ಒಂಬತ್ತಕ್ಕೆ ಮುಗಿಸುತ್ತೇವೆ. ಪರೀಕ್ಷೆಯ ದಿನಗಳಲ್ಲಿ ಬೇರೆಯವರ ಮನೆ.

ಒಂದೇ ಆಲ್ಬಂನ ಎರಡು ಧ್ವನಿಮುದ್ರಣ ಹೋಲಿಸುವಾಗ ಇನ್ನೊಂದು ವಿಷಯ ಗೊತ್ತಾಯಿತು. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಸಿಡಿಯಲ್ಲಿ ಸದ್ದನ್ನು ಎಷ್ಟು ಒತ್ತಿದ್ದಾರೆ ಎಂದರೆ ಏಟುಗಳ ತುದಿ ಕತ್ತರಿಸಿಹೋಗಿ ಕರಕರ ಅನ್ನುತ್ತದೆ. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಆಟದಲ್ಲಿ ಅಷ್ಟು ಒತ್ತಿಲ್ಲದೆ ಬಂದಿದ್ದವು. ಎರಡನ್ನೂ ಒಂದಾದ ಮೇಲೊಂದು ಹಾಕಿದೆ. ಎಲ್ಲರೂ ಸಿಡಿಯೇ ಚೆನ್ನಾಗಿದೆ ಎಂದರು! ಆಮೇಲೆ ಹೊಳೆಯಿತು, ಸಿಡಿ ಜೋರಾಗಿತ್ತು ಅಷ್ಟೇ. ಒಂದೆರಡು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ ಮೆಚ್ಚುತ್ತದೆ. ಫೋನಿನ ಸೌಂಡ್ ಮೀಟರನ್ನು ಕೂರುವ ಜಾಗದಲ್ಲಿ ಇಟ್ಟು ಎರಡನ್ನೂ ಸಮ ಮಾಡಿದೆ. ಈ ಸಲ ನಾಲ್ವರು ಮಾತು ಬದಲಿಸಿದರು. ಆಟದ ಮುದ್ರಣದಲ್ಲಿ ಸ್ನೇರ್ ಡ್ರಮ್‌ಗೆ ಉಸಿರಿತ್ತು.

ಮುಂಬಯಿಯ ಮೆಟಲ್ ಬ್ಯಾಂಡ್ ಡೆಮೋನಿಕ್ ರೆಸರೆಕ್ಷನ್ 2017ರಲ್ಲಿ ತಂದ 'ದಶಾವತಾರ್' ನನ್ನ ಸರದಿಯ ಆಯ್ಕೆ. ಅವತಾರಕ್ಕೊಂದರಂತೆ ಹತ್ತು ಹಾಡು. ಅಲ್ಲಿ ಕುಂದಾಪುರದವರು ಒಂದು ಗಟ್ಟಿ ಪ್ರಶ್ನೆ ಎತ್ತಿದರು. ಯಕ್ಷಗಾನದಲ್ಲಿ ಆರ್ಭಟ ಬಣ್ಣದ ವೇಷದ್ದು, ರಾಕ್ಷಸನದ್ದು. ತೆರೆಯ ಹಿಂದಿನಿಂದಲೇ ಅಬ್ಬರ ಕೇಳುತ್ತದೆ, ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಹಾಗಾದರೆ ದೇವರ ಕಥೆಯನ್ನು ಗುಡುಗುವ ಗಂಟಲಿನಲ್ಲಿ ಹಾಡಬಹುದಾ? 'ನರಸಿಂಹ ಬೇರೆ ಹೇಗೆ ಮಾತಾಡಬೇಕು?' ಎಂದರು ಮೈಸೂರಿನ ಗೆಳತಿ. ವಾಮನನಿಗೆ ಒಪ್ಪುವುದಿಲ್ಲ ಎಂದರು ಕುಂದಾಪುರದವರು. ಹತ್ತು ಹಾಡಿಗೂ ಈ ಪ್ರಶ್ನೆ ಹಾಕಿ ಕೇಳಿದೆವು. ಸಾಹಿತ್ಯ ಮುಂದಿಟ್ಟುಕೊಂಡು ಕೇಳಬೇಕು ಎಂಬ ನಿಯಮದ ಬೆಲೆ ಅವತ್ತು ಎಲ್ಲರಿಗೂ ಗೊತ್ತಾಯಿತು.

ಸೋತದ್ದೂ ಇದೆ. ಕ್ಯಾಲಿಫೋರ್ನಿಯಾದ ಸ್ಲೀಪ್ ಬ್ಯಾಂಡಿನ 'ಡೋಪ್‌ಸ್ಮೋಕರ್', 63 ನಿಮಿಷದ ಒಂದೇ ಹಾಡು. ರೆಕಾರ್ಡ್ ಕಂಪನಿ ಆಗ ಬಿಡುಗಡೆಯನ್ನೇ ಮಾಡಲಿಲ್ಲ, ಈ ಹೆಸರಲ್ಲಿ ಅದು ಹೊರಬಂದದ್ದು 2003ರಲ್ಲಿ. ಇಪ್ಪತ್ತು ನಿಮಿಷಕ್ಕೆ ಮೂವರು ಫೋನ್ ತೆಗೆದರು. ಧಾರವಾಡದವನು ಮಾತ್ರ ಕಣ್ಣು ಮುಚ್ಚಿ ಕೂತಿದ್ದ. ಮುಗಿದ ಮೇಲೆ 'ವಿಲಂಬಿತ' ಎಂದ, ಅಷ್ಟೇ. ಯಾವ ನಿಮಿಷ ಎಂದು ಕೇಳಿದರೆ 'ಇದಕ್ಕ ನಿಮಿಷ ಕೇಳಬ್ಯಾಡ್ರಿ' ಎಂದ. ನಮ್ಮ ನಿಯಮ ಮುರಿದದ್ದು ಅದೊಂದೇ ಸಲ. ನನಗೆ ಇನ್ನೂ ಆ ಆಲ್ಬಂ ಹಿಡಿಸಿಲ್ಲ. ಅವನಿಗಾಗಿ ಇನ್ನೊಮ್ಮೆ ಕೇಳಬೇಕು ಎಂದುಕೊಂಡಿದ್ದೇನೆ.

ಬರುವ ಸರದಿ ಅವನದೇ. ಸಬ್ಬತ್‌ನ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆರಿಸಿದ್ದಾನೆ. ಗಿಟಾರಿನ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಗೈ ವಾದಕರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು. ಈ ಆಲ್ಬಂನ ಕೆಲವು ಹಾಡುಗಳಲ್ಲಿ ತಂತಿಗಳನ್ನು ಮೂರು ಅರೆಸ್ವರದಷ್ಟು ಸಡಿಲಿಸಿ, ಬೆರಳಿಗೆ ಆರಾಮ ಮಾಡಿಕೊಂಡು ನುಡಿಸಿದ್ದಾರೆ. ಧಾರವಾಡದವನು ತಂಬೂರಿ ತರುತ್ತೇನೆ ಎಂದಿದ್ದಾನೆ. ಸಡಿಲಿಸಿದ ಆ ಸ್ವರಕ್ಕೇ ಅದನ್ನು ಶ್ರುತಿ ಮಾಡಿ, ಆಲ್ಬಂ ಜೊತೆ ಮೀಟಿ ನೋಡುತ್ತಾನಂತೆ. ಕೆಳಗಿನ ಮನೆಯವರಿಗೆ ಹೇಳಿಟ್ಟಿದ್ದೇನೆ. ಅವರ ಮಗಳೂ ಬರುತ್ತಾಳಂತೆ.