ಮಣ್ಣಿನ ಮಾದರಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ

ಹೋಬಳಿಯ ರೈತ ಸಂಪರ್ಕ ಕೇಂದ್ರವೆಂದರೆ ಸಹಾಯಧನದ ಬೀಜ ಸಿಗುವ ಜಾಗವಷ್ಟೇ ಎಂದು ಬಗೆದವರು ಅದರ ಅರ್ಧ ಪ್ರಯೋಜನವನ್ನು ಬಿಟ್ಟುಕೊಟ್ಟಂತೆ. ಅಲ್ಲಿ ಸಲಹೆಯನ್ನೂ ಕೇಳಿ ಪಡೆಯಬೇಕು, ಅದಕ್ಕೆ ಮಣ್ಣು ಪರೀಕ್ಷೆಯೇ ಮೊದಲ ಮೆಟ್ಟಿಲು.

ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮುನ್ನ, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಎಂಟು-ಹತ್ತು ಕಡೆ ಕಸಕಡ್ಡಿ ಸರಿಸಿ, ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳದ ಗುಳಿ ತೋಡಿ, ಅದರ ಓರೆ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರವನ್ನು ಕೆರೆದುಕೊಳ್ಳಿರಿ. ಬದು, ತಿಪ್ಪೆ, ಮರದ ಬುಡದ ಮಣ್ಣು ಬೇಡ. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ತೆಗೆದುಹಾಕುತ್ತ, ಅರ್ಧ ಕಿಲೋ ಉಳಿದಾಗ ನೆರಳಿನಲ್ಲಿ ಒಣಗಿಸಿರಿ. ಹಳೆಯ ಗೊಬ್ಬರದ ಚೀಲದಲ್ಲಿ ತುಂಬಿದರೆ (ಬಹಳ ಮಂದಿ ಎಡವುವುದು ಇಲ್ಲಿಯೇ) ಫಲಿತಾಂಶ ಕೆಡುತ್ತದೆ.

ಈ ಮಾದರಿಯನ್ನು ಪರೀಕ್ಷಿಸಿ, 2015ರಲ್ಲಿ ಆರಂಭವಾದ ಯೋಜನೆಯಡಿ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸಾವಯವ ಇಂಗಾಲ, ಸತು, ಬೋರಾನ್ ಸಾಲುಗಳನ್ನು ತಪ್ಪದೆ ಓದಿರಿ. ಸತುವಿನ ಕೊರತೆ ಇಳುವರಿಯ ಜೊತೆಗೆ ಕಾಳಿನ ಪೌಷ್ಟಿಕತೆಯನ್ನೂ ಕುಗ್ಗಿಸುವುದರಿಂದ, ಯೂರಿಯಾ ಒಂದನ್ನೇ ಸುರಿಯುವ ರೂಢಿ ಬಿಟ್ಟು ಆ ಕೊರತೆಯನ್ನೂ ನೀಗಿಸಿದರೆ ಅದರ ಫಲ ಊಟದ ತಟ್ಟೆಯವರೆಗೂ ಮುಟ್ಟೀತು.

ಹೊಸ ತಳಿಯನ್ನು ನಂಬುವ ಮೊದಲು ಕೃಷಿ ವಿಜ್ಞಾನ ಕೇಂದ್ರದ ಪ್ರಾತ್ಯಕ್ಷಿಕೆಯ ತಾಕನ್ನು ಕಣ್ಣಾರೆ ನೋಡಿರಿ. ತುರ್ತಿದ್ದರೆ ರೈತರ ಸಹಾಯವಾಣಿಯಾದ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಮಾಡಿದಾಗ ಕನ್ನಡದಲ್ಲೇ ಉತ್ತರ ದೊರೆಯುತ್ತದೆ. ಬೆಳೆಯ ವಯಸ್ಸು, ಈಗಾಗಲೇ ಸಿಂಪಡಿಸಿದ ಔಷಧಿಯ ಹೆಸರು ಕೈಯಲ್ಲಿರಲಿ.