ಬೋರ್ ನೀರು ಬಿಟ್ಟು ಮಳೆನೀರಿಗೆ ಬಂದ ನಮ್ಮ ಮನೆ ಹಾಟ್ ಟಬ್

ಹಾಟ್ ಟಬ್ ಅಂದರೆ ನಾಲ್ಕು ಜನ ಬಿಸಿನೀರಲ್ಲಿ ಕೂರುವ ತೊಟ್ಟಿ. ಅದನ್ನು ಮಳೆನೀರಲ್ಲೇ ನಡೆಸುತ್ತೇನೆ ಅಂದಾಗ ಒಬ್ಬರೂ ಒಪ್ಪಲಿಲ್ಲ. ಟಬ್ ಮಾರಿದವರು ವಾರಂಟಿ ಹೋಗುತ್ತೆ ಅಂದರು. ನಮ್ಮ ಪ್ಲಂಬರ್ "ಬೇಡ ಸಾರ್, ಮಳೆನೀರು ಕಬ್ಬಿಣ ತಿನ್ನುತ್ತೆ, ಹೀಟರ್ ತೂತಾಗುತ್ತೆ" ಅಂದ. ಭಾವನವರಂತೂ "ಸುಮ್ನೆ ಟ್ಯಾಂಕರ್ ಹಾಕಿಸಿಕೊಳ್ಳಪ್ಪ" ಅಂತ ಬುದ್ಧಿ ಹೇಳಿದರು. ಈಗ ನಾಲ್ಕನೇ ಮಳೆಗಾಲ. ಹೀಟರ್ ಅದೇ ಇದೆ. ಪ್ಲಂಬರ್ ಈಗ ಬೇರೆ ಗಿರಾಕಿಗಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದು ತೋರಿಸುತ್ತಾನೆ.

ಬೆಂಗಳೂರಿನ ಕೋಣನಕುಂಟೆ ಕಡೆ ನಮ್ಮದು 30-40 ಸೈಟು. ಕಾರು ನಿಲ್ಲಿಸುವ ಜಾಗದಲ್ಲಿ ಅರ್ಧ ಟಬ್ಬಿಗೆ ಹೋಗಿದೆ. ತಾರಸಿ ಮೇಲೆ ಇಡೋಣ ಅಂತ ಮನೆಯವರಿಗೆಲ್ಲ ಆಸೆ ಇತ್ತು. ಸಾವಿರ ಲೀಟರ್ ಅಂದರೆ ನೀರೇ ಒಂದು ಟನ್, ಮೇಲೆ ನಾಲ್ಕು ಜನ. ಮನೆ ಕಟ್ಟುವಾಗ ಆ ಲೆಕ್ಕ ಹಾಕಿರಲಿಲ್ಲ, ಹಾಗಾಗಿ ಕೆಳಗೇ ಇಟ್ಟೆವು.

ಮೊದಲ ಎರಡು ವರ್ಷ ಬೋರ್ ನೀರು. ಹನಿ ಹಾಕಿ ನೋಡುವ ಕಿಟ್‌ನಲ್ಲಿ ಗಡಸುತನ 600 ಪಿಪಿಎಂ (ಲೀಟರಿಗೆ 600 ಮಿಲಿಗ್ರಾಂ) ಆಸುಪಾಸು ಬರುತ್ತಿತ್ತು. 38 ಡಿಗ್ರಿಗೆ ಕಾಯಿಸುವ ಯಂತ್ರಕ್ಕೆ ಅದು ವಿಷ. ಮೊದಲ ಹೀಟರ್ ಬಿಚ್ಚಿದಾಗ ಎಲಿಮೆಂಟ್ ಕಾಣಲೇ ಇಲ್ಲ. ಬೆರಳಿನಷ್ಟು ದಪ್ಪಕ್ಕೆ ಬಿಳಿ ಉಪ್ಪು ಕಟ್ಟಿತ್ತು. ಸ್ಕ್ರೂಡ್ರೈವರ್‌ನಲ್ಲಿ ಮೀಟಿದರೆ ಹಳೇ ಗೋಡೆಯ ಸುಣ್ಣದ ಹಾಗೆ ಹಪ್ಪಳ ಹಪ್ಪಳವಾಗಿ ಎದ್ದು ಬಂತು. ಒಳಗೆ ಎಲಿಮೆಂಟ್ ಸುಟ್ಟು ಸೀಳಿತ್ತು. ಹೊಸದಕ್ಕೆ ಒಂಬತ್ತು ಸಾವಿರವೋ ಹತ್ತೋ ಕೊಟ್ಟೆ. ಒಂದು ವರ್ಷಕ್ಕೆ ಅದರದ್ದೂ ಅದೇ ಗತಿ.

ಆಮೇಲೆ ಗಡಸುತನ ತೆಗೆಯುವ ಸಾಫ್ಟನರ್. ಇಪ್ಪತ್ತೈದು ಸಾವಿರದ ಹತ್ತಿರ ಖರ್ಚು. ಉಪ್ಪು ಕಟ್ಟುವುದು ನಿಂತಿತು, ನೊರೆ ಶುರುವಾಯಿತು. ಟಬ್ಬಿನೊಳಗೆ ನೀರು ಚಿಮ್ಮಿಸುವ ಜೆಟ್ ಹಾಕಿದರೆ ಸಾಕು, ಸೋಪಿನ ನೀರಿನ ಹಾಗೆ ನೊರೆ ಉಕ್ಕಿ ಕವರ್‌ವರೆಗೂ ಬರುತ್ತಿತ್ತು. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಅಲ್ಲಿಗೆ ಸೋಡಿಯಂ ಕೂರಿಸುತ್ತೆ, ನೀರಿನ ಟಿಡಿಎಸ್, ಅಂದರೆ ಕರಗಿರುವ ಒಟ್ಟು ಲವಣ, ಕಡಿಮೆ ಆಗಲ್ಲ. ಆ ನೀರು ಗಿಡಕ್ಕೂ ಬರಲ್ಲ. ಆರ್‌ಒ ಹಾಕಿಸಿ ಅಂದವರೂ ಇದ್ದರು. ಒಂದು ಬಕೆಟ್ ಹಿಡಿಯಲು ಎರಡು ಬಕೆಟ್ ಚೆಲ್ಲುವ ಕೆಲಸ ಈ ಊರಲ್ಲಿ ನನ್ನ ಕೈಲಿ ಆಗಲ್ಲ.

ಮಳೆನೀರಿನ ಸಂಪ್ ಮನೆಯಲ್ಲಿ ಮೊದಲೇ ಇತ್ತು, ಆರು ಸಾವಿರ ಲೀಟರಿನದು. ನಮ್ಮ ತಾರಸಿ ಸಾವಿರ ಚದರಡಿ. 10 ಮಿಲಿಮೀಟರ್ ಮಳೆ ಬಿದ್ದರೆ ಮೊದಲ ಕೊಳೆನೀರು ಬಿಟ್ಟೂ 800 ಲೀಟರ್ ಸಿಗುತ್ತೆ. ಅಂದರೆ ಒಂದು ಒಳ್ಳೇ ಸಂಜೆ ಮಳೆಗೆ ಹೆಚ್ಚುಕಡಿಮೆ ಒಂದು ಟಬ್.

ಪ್ಲಂಬರ್ ಹೇಳಿದ್ದರಲ್ಲಿ ಅರ್ಧ ನಿಜ. ಬರೀ ಮಳೆನೀರು ಹಾಕಿದರೆ ಲೋಹ ತಿನ್ನುತ್ತೆ, ನೊರೆಯೂ ಬರುತ್ತೆ, ಪಿಎಚ್ (ಹುಳಿ-ಕ್ಷಾರದ ಅಳತೆ) ಒಂದು ಕಡೆ ನಿಲ್ಲಲ್ಲ. ಅದಕ್ಕೆ ನಾನು ಮುಕ್ಕಾಲು ಪಾಲು ಮಳೆನೀರು, ಕಾಲು ಪಾಲು ಬೋರ್ ನೀರು ಹಾಕುತ್ತೇನೆ. ಗಡಸುತನ 150-160ಕ್ಕೆ ಬಂದು ಕೂರುತ್ತೆ, ಟಬ್ಬಿಗೆ ಬೇಕಾದ್ದೂ ಅಷ್ಟೇ. ಪಿಎಚ್ ಅಲ್ಲಾಡದಂತೆ ಹಿಡಿಯುವ ಆಲ್ಕಲಿನಿಟಿ ಕಡಿಮೆ ಕಂಡರೆ 50 ಗ್ರಾಂ ಅಡುಗೆ ಸೋಡಾ, ಸುಮಾರು 30 ಪಿಪಿಎಂ ಏರುತ್ತೆ. ಅಂಗಡಿಯಲ್ಲಿ ಇದೇ ಸೋಡಾವನ್ನು ಬೇರೆ ಡಬ್ಬಿಗೆ ತುಂಬಿ ಐದಾರು ಪಟ್ಟು ಬೆಲೆಗೆ ಮಾರುತ್ತಾರೆ.

ಇದರಲ್ಲಿ ನನಗೆ ಹೆಮ್ಮೆಯ ಭಾಗ ಇನ್ನೊಂದಿದೆ. ಆ ಕಾಲು ಪಾಲು ಬೋರ್ ನೀರು ಬರುವುದು ತಾರಸಿಯ ಸೋಲಾರ್ ವಾಟರ್ ಹೀಟರ್‌ನಿಂದ, 60 ಡಿಗ್ರಿ ಬಿಸಿಯಲ್ಲಿ. 750 ಲೀಟರ್ ಮಳೆನೀರು 23 ಡಿಗ್ರಿ, 250 ಲೀಟರ್ ಸೋಲಾರ್ ನೀರು 60 ಡಿಗ್ರಿ. ಸೇರಿದರೆ 32 ಡಿಗ್ರಿ ಪುಕ್ಕಟೆ. ಉಳಿದ ಆರು ಡಿಗ್ರಿಗೆ ಏಳು ಯೂನಿಟ್ ಸಾಕು. ಪೂರ್ತಿ ತಣ್ಣೀರಿಂದ ಕಾಯಿಸಿದರೆ 17 ಯೂನಿಟ್ ಮೇಲೆ ಹೋಗುತ್ತೆ. ಯಾವುದನ್ನು ಮೊದಲು ಬಿಡಬೇಕು, ಎಲ್ಲಿಂದ ಬಿಡಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದು ಇಲ್ಲಿ ಬೇಡ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಳೆ ನೋಡಿ ನೀರು ಹಿಡಿಯಬೇಕು. ಅಶ್ವಿನಿ ಮಳೆ ನನಗೆ ಬೇಡ. ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ, ಹೊಂಗೆ ಹೂವು ಎಲ್ಲ ತೊಳೆದುಕೊಂಡು ಬರುತ್ತೆ. ಭರಣಿ ಕಳೆದ ಮೇಲೆ ಪೈಪ್ ಸಂಪಿಗೆ ತಿರುಗಿಸುತ್ತೇನೆ. ಜೂನ್-ಜುಲೈ ಜಿಟಿಜಿಟಿಯಲ್ಲಿ ನೀರು ಜಾಸ್ತಿ ಸಿಗಲ್ಲ. ಹುಬ್ಬೆಯಿಂದ ಚಿತ್ತೆಯವರೆಗೆ ಸಂಪ್ ತುಂಬಿ ಹರಿಯುತ್ತೆ. ಸ್ವಾತಿ ಮಳೆ ಹೊತ್ತಿಗೆ ವರ್ಷದ ಕೊನೇ ಸಲ ಟಬ್ ಖಾಲಿ ಮಾಡಿ ಹೊಸ ನೀರು ತುಂಬಿಸುತ್ತೇನೆ. ಅದು ಚಳಿಗಾಲ ಪೂರ್ತಿ ನಡೆಯುತ್ತೆ. ಬೋರ್ ನೀರಿದ್ದಾಗ ಎರಡು ತಿಂಗಳಿಗೇ ಕೈಗೆ ಜಿಗಟು ಜಿಗಟು ಅನ್ನುತ್ತಿತ್ತು.

ಡಿಸೆಂಬರ್-ಜನವರಿಯಲ್ಲಿ ರಾತ್ರಿ 15 ಡಿಗ್ರಿಗೆ ಇಳಿಯುತ್ತಲ್ಲ, ಆಗ ಎಲ್ಲ ಕವರಿನ ಮೇಲೆ ನಿಂತಿದೆ. ಬಿಸಿ ಹೋಗುವುದು ಹೆಚ್ಚಾಗಿ ಆವಿಯಲ್ಲೇ. ಕಂಪನಿ ಕವರಿನ ಥರ್ಮಾಕೋಲ್ ನೀರು ಕುಡಿದು ಕುಡಿದು ಇಬ್ಬರು ಎತ್ತುವ ಹಾಗಾಗಿತ್ತು. ಹೊಸದಕ್ಕೆ ಮೂವತ್ತು ಸಾವಿರ ಕೇಳಿದರು. ನಾನು ಎಸ್‌ಪಿ ರೋಡಿನಿಂದ ಶೀಟು ತಂದು ಒಳಗಿನದನ್ನು ಬದಲಿಸಿದೆ, ಐದು ಸಾವಿರದೊಳಗೆ ಮುಗಿಯಿತು. ನೀರಿನ ಮೇಲೆ ತೇಲುವ ಗುಳ್ಳೆ ಹಾಳೆಯನ್ನೂ ಹಾಕಿದೆ. ಚಳಿಗಾಲದಲ್ಲಿ ದಿನಕ್ಕೆ 12 ಯೂನಿಟ್ ಓಡುತ್ತಿದ್ದದ್ದು ಐದಾರಕ್ಕೆ ಬಂತು. ಆದರೂ ಆ ಎರಡು ತಿಂಗಳು ಮನೆ ಬಿಲ್ 200 ಯೂನಿಟ್ ದಾಟುತ್ತೆ. ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಕಟ್ಟಬೇಕು. ಉಳಿದ ತಿಂಗಳು 200ರ ಒಳಗೇ ಇರುತ್ತೇವೆ.

ಬೇಸಿಗೆಯ ಕಷ್ಟ ಉಲ್ಟಾ. ಹೀಟರ್ ಆಫ್ ಇದ್ದರೂ ಪಂಪಿನ ಬಿಸಿಗೇ ನೀರು 40 ಮುಟ್ಟುತ್ತೆ. ಫಿಲ್ಟರ್ ಓಡುವ ಸಮಯವನ್ನು ಬೆಳಗಿನ ಜಾವಕ್ಕೆ ಹಾಕಿ, ರಾತ್ರಿ ಸೊಳ್ಳೆ ಪರದೆ ಹೊದಿಸಿ ಕವರ್ ತೆಗೆದಿಡುತ್ತೇನೆ. 28-29ಕ್ಕೆ ಇಳಿಯುತ್ತೆ, ಮಕ್ಕಳಿಗೆ ಅದೇ ಖುಷಿ.

2024 ಮಾತ್ರ ಬೇರೆ ಕತೆ. ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5000 ದಂಡ ಅಂತ ಆದೇಶ ಹೊರಡಿಸಿತು. ಏಪ್ರಿಲ್ ಪೂರ್ತಿ ಒಂದು ಹನಿ ಬೀಳಲಿಲ್ಲ. ಸಂಪಿನಲ್ಲಿದ್ದ ಮಳೆನೀರನ್ನು ಬಟ್ಟೆ ಪಾತ್ರೆಗೆ ಬಿಟ್ಟುಕೊಟ್ಟು ಟಬ್ ಒಣಗಿಸಿಟ್ಟೆ. ಒಣಗಿಸುವುದು ಅಂದರೆ ಬರೀ ಡ್ರೈನ್ ತೆಗೆಯುವುದಲ್ಲ. ಒಂದೊಂದು ಜೆಟ್ಟಿಗೂ ಬ್ಲೋವರ್ ಹಿಡಿದು ಪೈಪಿನಲ್ಲಿ ನಿಂತ ನೀರು ಓಡಿಸಬೇಕು. ಇಲ್ಲದಿದ್ದರೆ ಮುಂದಿನ ಸಲ ಕರೀ ಪಾಚಿ ಚೂರು ತೇಲಿ ಬರುತ್ತೆ.

ಕ್ಲೋರಿನ್ ವಿಷಯ ಎರಡು ಮಾತು. ಈಜುಕೊಳಕ್ಕೆ ಹಾಕುವ ಟಿಸಿಸಿಎ ಅನ್ನುವ ದೊಡ್ಡ ಕ್ಲೋರಿನ್ ಮಾತ್ರೆ ಟಬ್ಬಿಗೆ ಬೇಡವೇ ಬೇಡ. ಅದು ಹುಳಿ, ಇಷ್ಟು ಕಡಿಮೆ ನೀರಿಗೆ ಪಿಎಚ್ ಪಾತಾಳಕ್ಕೆ ಹೋಗುತ್ತೆ. ನಾನು ಹೊಸ ನೀರಿಗೆ ಮೊದಲ ಕೆಲವು ವಾರ ಎಸ್‌ಡಿಐಸಿ ಅನ್ನುವ ಕ್ಲೋರಿನ್ ಪುಡಿ, ಟಬ್ಬಿಗೆ ಇಳಿದು ಎದ್ದ ಮೇಲೆ ಒಂದು ಟೀ ಚಮಚ. ಆಮೇಲೆ ದ್ರವ ಕ್ಲೋರಿನ್ನಿಗೆ ಬರುತ್ತೇನೆ. ಪುಡಿಯಲ್ಲೇ ಮುಂದುವರಿದರೆ ಅದು ಬಿಡುವ ಸೈನ್ಯೂರಿಕ್ ಆಸಿಡ್ ನೀರಲ್ಲಿ ಏರುತ್ತಾ ಹೋಗಿ, ಕ್ಲೋರಿನ್ ಇದ್ದೂ ಕೆಲಸ ಮಾಡಲ್ಲ.

ಮಧ್ಯೆ ಸೋಲಾರ್ ಬಿಸಿಯನ್ನು ತಾಮ್ರದ ಸುರುಳಿಯಲ್ಲಿ ಹಾಯಿಸಿ ದಿನಾ ಟಬ್ ಕಾಯಿಸುವ ಪ್ರಯೋಗವನ್ನೂ ಮಾಡಿದೆ. ಬಿಸಿ ಚೆನ್ನಾಗೇ ಆಯಿತು, ಆದರೆ ನೀರಿಗೆ ತಿಳಿ ಹಸಿರು ಬಂತು. ತಾಮ್ರ ಕರಗುತ್ತಿತ್ತು. ಆರೇಳು ಸಾವಿರದ ಸುರುಳಿ ಗುಜರಿಗೆ ಹೋಯಿತು. ಮುಂದೆ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಬಿಸಿ ಹೀರಿ ನೀರು ಕಾಯಿಸುವ ಯಂತ್ರ, ನೋಡಬೇಕು. ನಮ್ಮ ಊರಿನ ಹವೆಗೆ ಅದು ಹೇಳಿ ಮಾಡಿಸಿದ್ದು, ಬೆಲೆ ಒಂದೇ ತಡೆ.

ದೀಪಾವಳಿಗೆ ನೆಂಟರು ಬಂದಾಗ ಒಂದೇ ನಿಯಮ: ಎಣ್ಣೆಸ್ನಾನ ಮಾಡಿದವರು ಆ ದಿನ ಟಬ್ಬಿಗೆ ಇಳಿಯುವಂತಿಲ್ಲ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಎಣ್ಣೆ ಉಳಿದಿರುತ್ತೆ, ಫಿಲ್ಟರ್ ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತೆ. ಫಿಲ್ಟರಿನ ಎಣ್ಣೆ ಬಿಡಿಸಲು ನನ್ನದೇ ಒಂದು ನೆನೆಸುವ ಪುಡಿ ಇದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ. ಖಾಲಿ ಮಾಡುವ ನೀರನ್ನು ಮಾತ್ರ ಮೋರಿಗೆ ಬಿಡಬೇಡಿ. ಕವರ್ ತೆಗೆದು ಎರಡು ಮೂರು ದಿನ ಬಿಸಿಲಿಗೆ ಬಿಡಿ, ಸ್ಟ್ರಿಪ್‌ನಲ್ಲಿ ಕ್ಲೋರಿನ್ ಸೊನ್ನೆ ತೋರಿಸಿದ ಮೇಲೆ ತೆಂಗಿನ ಬುಡಕ್ಕೆ ಹಾಯಿಸಿ.