ಒಂದು ಇಂಗ್ಲಿಷ್ ಪದವನ್ನು ಪೂರ್ತಿ ಕಲಿಯುವುದು ಹೇಗೆ?

ಪದಪಟ್ಟಿ ಉರು ಹೊಡೆಯುವುದನ್ನು ಇವತ್ತೇ ಬಿಡಿ. ಪದದ ಎದುರಿಗೆ ಒಂದು ಕನ್ನಡ ಅರ್ಥ ಬರೆದುಕೊಂಡರೆ ಓದುವಾಗ ಗುರುತು ಹತ್ತಬಹುದು, ಮಾತಾಡುವಾಗ ಮಾತ್ರ ಬಾಯಿಗೆ ಬರುವುದಿಲ್ಲ. ಒಂದೇ ಪದ ಹಿಡಿಯಿರಿ. ಸದ್ಯಕ್ಕೆ ‘ರಿಲಕ್ಟಂಟ್’ ಇರಲಿ.

ಮೊದಲು ಆ ಪದ ಸಿಕ್ಕ ವಾಕ್ಯವನ್ನು ಹಾಗೇ ಬರೆದುಕೊಳ್ಳಿ. ‘ದ ವಿಟ್ನೆಸ್ ವಾಸ್ ರಿಲಕ್ಟಂಟ್ ಟು ಸ್ಪೀಕ್’ ಅಂತಿದೆ ಅಂದುಕೊಳ್ಳಿ. ಡಿಕ್ಷನರಿ ತೆಗೆಯುವ ಮುಂಚೆ ಊಹಿಸಿ. ಸಾಕ್ಷಿಗೆ ಮಾತಾಡಲು ಭಯವೋ, ಬೇಜಾರೋ, ಮನಸ್ಸಿಲ್ಲವೋ? ಊಹೆ ತಪ್ಪಾದರೂ ಪರವಾಗಿಲ್ಲ.

ಆಮೇಲೆ ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿ ನೋಡಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಇಬ್ಬರು ಜೊತೆಗಾರರೊಂದಿಗೆ ಇಂಥದ್ದೊಂದನ್ನು ಮಾಡಿದರು. 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ಅದೇ ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಆಯಿತು. ಪದದ ಹಿಂದೆ ಮುಂದೆ ಏನು ಬರುತ್ತದೆ ಅನ್ನುವುದನ್ನೂ ಇಂಥ ಡಿಕ್ಷನರಿ ತೋರಿಸುತ್ತದೆ, ಮುಖ್ಯವಾಗಿ ಬೇಕಾದದ್ದು ಅದೇ. ರಿಲಕ್ಟಂಟ್ ಆದಮೇಲೆ ‘ಟು’, ಅದರ ಹಿಂದೆಯೇ ಕ್ರಿಯಾಪದ: ‘ರಿಲಕ್ಟಂಟ್ ಟು ಗೋ’. ‘ರಿಲಕ್ಟಂಟ್ ಫಾರ್ ಗೋಯಿಂಗ್’ ಅಂದರೆ ತಪ್ಪು. ಮೊಬೈಲ್‌ನಲ್ಲಿ ನೋಡುತ್ತಿದ್ದರೆ ಸ್ಪೀಕರ್ ಗುರುತು ಒತ್ತಿ ಕೇಳಿ, ಒತ್ತು ನಡುವಿನ ‘ಲಕ್’ ಮೇಲೆ ಬೀಳುತ್ತದೆ. ಜೋರಾಗಿ ಹೇಳಿ.

ಈಗ ಅರ್ಥ. ‘ಇಷ್ಟವಿಲ್ಲದ’ ಅಂತ ಬರೆದು ಮುಂದೆ ಹೋಗಬೇಡಿ, ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಮಗಳನ್ನು ದೂರದ ಹಾಸ್ಟೆಲ್‌ಗೆ ಕಳಿಸಲು ಅಪ್ಪ ಒಪ್ಪಿದ್ದಾರೆ, ಅರ್ಜಿಗೆ ಸಹಿಯನ್ನೂ ಹಾಕಿದ್ದಾರೆ, ಆದರೆ ಪೆನ್ನು ಕೈಗೆತ್ತಿಕೊಳ್ಳುವ ಮುಂಚೆ ಆ ಹಾಳೆಯನ್ನು ಮತ್ತೆ ಮತ್ತೆ ತಿರುವಿ ನೋಡಿದ್ದಾರೆ. ನಾವು ‘ಒಲ್ಲದ ಮನಸ್ಸಿನಿಂದ’ ಅನ್ನುತ್ತೇವಲ್ವಾ, ಅದೇ ‘ರಿಲಕ್ಟಂಟ್ಲಿ’. ಲ್ಯಾಟಿನ್ ಮೂಲದಲ್ಲೂ ಎದುರು ನಿಂತು ಹೆಣಗುವ ಅರ್ಥವಿದೆ. ಅಪ್ಪ ಖಡಾಖಂಡಿತವಾಗಿ ಆಗಲ್ಲ ಅಂದಿದ್ದರೆ ಅದು ‘ರಿಫ್ಯೂಸ್’. ಕಳಿಸಲೋ ಬೇಡವೋ ಅಂತ ತೀರ್ಮಾನಕ್ಕೇ ಬರದೆ ತಡವರಿಸುತ್ತಿದ್ದರೆ ‘ಹೆಸಿಟಂಟ್’. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ರಿಲಕ್ಟಂಟ್ ಎಲ್ಲಿ ಕೂರುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

ಇನ್ನು ನಿಮ್ಮದೇ ಮೂರು ವಾಕ್ಯ ಬರೆಯಿರಿ. ಪುಸ್ತಕದ್ದು ಬೇಡ. ಬೆಳಿಗ್ಗೆ ಏಳಲು ಯಾರಿಗೆ ಮನಸ್ಸಿಲ್ಲ, ಕೊಟ್ಟ ಸಾಲ ವಾಪಸ್ ಕೇಳಲು ಯಾರು ಹಿಂದೇಟು ಹಾಕುತ್ತಾರೆ, ಇಂಥವು ಮನೆಯಲ್ಲೇ ಬೇಕಾದಷ್ಟು ಸಿಗುತ್ತವೆ. ಗೊತ್ತಿರುವವರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ಕಲಿತದ್ದು ಮೊದಲ ದಿನವೇ ಬಹಳಷ್ಟು ಜಾರಿಹೋಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ ಇದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಹಾಗಾಗಿ ಮಾರನೇ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ಸುಮ್ನೆ ಓದಬೇಡಿ, ನೋಟ್‌ಬುಕ್ ಮುಚ್ಚಿಟ್ಟು ಹೊಸ ವಾಕ್ಯ ಹೇಳಿ. ಅಷ್ಟು ಸಲೀಸಾದ ಮೇಲೆ ‘ರಿಲಕ್ಟನ್ಸ್’ ಎತ್ತಿಕೊಳ್ಳಿ. ಅದು ನಾಮಪದ, ‘ವಿತ್ ಗ್ರೇಟ್ ರಿಲಕ್ಟನ್ಸ್’ ಅಂತ ಬಳಸುತ್ತಾರೆ.